ಇಳಿದು ನೋಡುವ ಗುಡಿ

ಹುಲಗೂರಿನಲ್ಲಿ ಪರಊರಿನವರು ಬಸ್ಸಿಳಿದರೆ ಸಾಕು, ಚಹಾದಂಗಡಿಯವರು ಏನೂ ಕೇಳದೆ ದರ್ಗಾದ ಕಡೆ ಕೈ ತೋರಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಈ ಊರು ನಾಡಿಗೆಲ್ಲ ಪರಿಚಯವಾದದ್ದೇ ಆ ದರ್ಗಾದ ಖಾದರಿ ಶಾಹರಿಂದ. ಶಿಶುವಿನಹಾಳದ ಇಮಾಮಸಾಹೇಬರು ಮಕ್ಕಳಿಲ್ಲವೆಂದು ಇಲ್ಲಿಗೇ ಹರಕೆ ಹೊತ್ತರಂತೆ. 1819ರಲ್ಲಿ ಹುಟ್ಟಿದ ಮಗ ಸಂತ ಶರೀಫರಾದರು. ದರ್ಗಾಕ್ಕೆ ಸಕ್ಕರೆ ಓದಿಸಿ ಬಂದವನು ಹಳೆಯ ಗುಡಿಗಳ ಮಾತೆತ್ತಿದೆ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಬಸಿ ಕೆಳಗಿಟ್ಟು, “ಹಂಗಾರ ಬಂಕಾಪುರಕ್ಕ ಹೋಗ್ರಿ. ಮ್ಯಾಲ ಮ್ಯಾಲ ಹುಡುಕಬ್ಯಾಡ್ರಿ ಮತ್ತ, ಆ ಗುಡಿ ತೆಳಗ ಐತಿ” ಎಂದರು.

ಈ ಸೀಮೆಯಲ್ಲಿ ಬಚ್ಚಿಡಲು ಜಾಗವೇ ಇಲ್ಲವೆಂದು ತೋರುತ್ತದೆ. ಹತ್ತಿ, ಶೇಂಗಾ, ಗೋವಿನಜೋಳದ ಹೊಲಗಳು ಕಣ್ಣಿಗೆ ಅಡ್ಡ ಬರದೆ ಚಾಚಿಕೊಂಡಿವೆ. ಒಂದು ಕಡೆ ಲಕ್ಷ್ಮೇಶ್ವರ, ಅಂದರೆ ಹಳೆಯ ಪುಲಿಗೆರೆ. ಇನ್ನೊಂದು ಕಡೆ ಪಾನುಂಗಲ್ಲು, ಈಗಿನ ಹಾನಗಲ್ಲು. ನಡುವೆ ಬಂಕಾಪುರ, ಹುಲಗೂರಿನಂತೆ ಶಿಗ್ಗಾವಿ ತಾಲೂಕಿನದೇ ಊರು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರಿನಲ್ಲಿ ನಿಂತದ್ದು. ಅವನ ಮಗ ಲೋಕಾದಿತ್ಯನ ಕಾಲಕ್ಕೆ, 898ರಲ್ಲಿ, ಗುಣಭದ್ರನ ಉತ್ತರಪುರಾಣಕ್ಕೆ ಪೂಜೆ ನಡೆದದ್ದು ಇಲ್ಲೇ. ಗಂಗರ ಮಾರಸಿಂಹ ಕತ್ತಿ ಕೆಳಗಿಟ್ಟು ಅಜಿತಸೇನ ಮುನಿಗಳ ಬಳಿ ಸಲ್ಲೇಖನ ತೆಗೆದುಕೊಂಡದ್ದೂ ಇಲ್ಲೇ. ಇಂಥ ಊರಿಗೆ ಈಗ ಜನ ಬರುವುದು ನವಿಲು ನೋಡಲಿಕ್ಕೆ. ಕೋಟೆಯೊಳಗಿನ 139 ಎಕರೆ 2006ರಿಂದ ನವಿಲುಧಾಮ. ಜೊತೆಗೆ ಖಿಲಾರಿ ದನಗಳ ಸಂವರ್ಧನ ಕೇಂದ್ರವೂ ಇದೆ. ಎತ್ತು ಸಾಕುವವರು ಗುಡಿಗಿಂತ ಮೊದಲು ಆ ಕೊಂಬುಗಳನ್ನೇ ನೋಡುತ್ತಾರೆ. ಅದೂ ಸರಿಯೇ.

ಆ ಹಿರಿಯರು ಹೇಳಿದ ನಗರೇಶ್ವರ ಗುಡಿಗೆ ಮೆಟ್ಟಿಲಿಳಿದೇ ಹೋಗಬೇಕು. ದೂರದಿಂದ ಕೈಮುಗಿಯೋಣವೆಂದರೆ ಶಿಖರ ಕಾಣಸಿಗುವುದಿಲ್ಲ. ಊರ ಬಾಯಲ್ಲಿ ಇದು ಅರವತ್ತು ಕಂಬದ ಗುಡಿ. ಎಣಿಸಲು ಹೊರಟವರು ಮೂರನೆಯ ಸಾಲಿನ ಹೊತ್ತಿಗೆ ಎಣಿಕೆ ಬಿಟ್ಟು ಕಂಬ ಸವರುತ್ತ ನಿಲ್ಲುತ್ತಾರೆ. ನಾನೂ ಅದೇ ಜಾತಿ.

ಕಂಬಗಳೆಂದರೆ ಎಂಥ ಕಂಬಗಳು! ಬಾದಾಮಿಯ ಚಾಲುಕ್ಯರಿಗೆ ಸಿಕ್ಕಿದ್ದು ಕೆಂಪು ಮರಳುಗಲ್ಲು. ಮೂರು ಶತಮಾನ ಕಳೆದು ಕಲ್ಯಾಣದ ಚಾಲುಕ್ಯರ ಕಾಲದ ಕಲ್ಲುಕುಟಿಗರು ಹಿಡಿದದ್ದು ಕಪ್ಪು ಹಸಿರು ಛಾಯೆಯ ಬಳಪದ ಕಲ್ಲು. ಗಣಿಯಿಂದ ಎದ್ದ ಹೊಸತರಲ್ಲಿ ಮೆತ್ತಗೆ ಉಳಿಗೆ ಒಗ್ಗುತ್ತದೆ, ಗಾಳಿ ಕುಡಿದಂತೆ ಗಟ್ಟಿಯಾಗುತ್ತದೆ. ಆ ಕಲ್ಲನ್ನು ತಿರುಗಣಿಗೆ ಹಾಕಿ ಸುತ್ತಿಸಿ ಕಡೆದಿದ್ದಾರೆ: ಒಂದು ಗಂಟೆ, ಅದರ ಮೇಲೆ ತೆಳು ಬಿಲ್ಲೆ, ಮತ್ತೆ ಕತ್ತು ಸಣ್ಣಗಾಗಿ ಮತ್ತೊಂದು ಬಿಲ್ಲೆ. ಅಂಚುಗಳು ಇಂದಿಗೂ ಚೂಪು. ಬಾಗಿಲಿನಿಂದ ಬಂದ ಬೆಳಕು ಮೈಮೇಲೆ ಗೆರೆಗೆರೆಯಾಗಿ ಸುತ್ತುತ್ತದೆ.

ನಮಗೆ ಗುಡಿ ನೋಡಲು ಕಲಿಸಿದವರು ಬೇಲೂರಿನ ಮದನಿಕೆಯರು. ಹೀಗಾಗಿ ಎಲ್ಲಿ ಹೋದರೂ ಕಣ್ಣು ಹೆಂಗಸಿನ ಬೊಂಬೆಯನ್ನು ಹುಡುಕುತ್ತದೆ, ಸಿಗದಿದ್ದರೆ “ಏನೂ ಕೆತ್ತನೆಯಿಲ್ಲ” ಎಂದು ತೀರ್ಪು ಕೊಟ್ಟು ಹೊರಡುತ್ತದೆ. ನನಗೆ ಈ ಕಂಬ ಕಡೆಯುವುದೇ ಹೆಚ್ಚಿನ ಕೆಲಸವೆನಿಸುತ್ತದೆ. ಮೂರ್ತಿಯ ಮುಖ ಚೂರು ಓರೆಯಾದರೆ ಭಾವವೆಂದು ಹೇಳಿ ಜಾರಿಕೊಳ್ಳಬಹುದು. ದುಂಡು ತಪ್ಪಿದ ಕಂಬಕ್ಕೆ ಯಾವ ನೆಪವೂ ಇಲ್ಲ. ಬೇಲೂರಿನ ನವರಂಗದ ಮಿರುಗುವ ಕಂಬಗಳೂ ಈ ಪರಂಪರೆಯ ಕೂಸುಗಳೇ. 1117ರಲ್ಲಿ ಬೇಲೂರಿನ ಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನ ಮುಂದೆ ಇದೇ ಬಂಕಾಪುರವನ್ನು ತನ್ನ ನೆಲೆವೀಡು ಮಾಡಿಕೊಂಡ. ಬೇಲೂರಿಗೆ ಹೋಗಿಬಂದವರು ಇಲ್ಲಿಗೇಕೆ ಬರುವುದಿಲ್ಲವೋ!

ಹಾನಗಲ್ಲಿನ ತಾರಕೇಶ್ವರದ ಛಾವಣಿಯಲ್ಲಿ ಅಗಾಧವಾದ ಕಲ್ಲಿನ ತಾವರೆಯಿದೆ. ಅದನ್ನು ನೋಡಿ ಕತ್ತು ನೋಯಿಸಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆ ಊರಿಗೆ ಮುತ್ತಿಗೆ ಹಾಕಿದ್ದನ್ನು ತೋರಿಸುವ ವೀರಗಲ್ಲೂ ಅಲ್ಲಿದೆ. ಗುಡಿ ಕಟ್ಟಿಸಿದ ಮನೆತನಗಳೇ ಒಬ್ಬರ ಕೋಟೆ ಮತ್ತೊಬ್ಬರು ಒಡೆಯುತ್ತಿದ್ದ ಕಾಲವದು. ಆದರೆ ತಾವರೆಯನ್ನು ಮೊದಲು ನೋಡಿದವರಿಗೆ ಬಂಕಾಪುರದ ಬೋಳುಗಂಬಗಳು ಸಪ್ಪೆಯೆನಿಸಿಯಾವು. ಆದ್ದರಿಂದ ಹುಲಗೂರಿನ ಕಡೆಯಿಂದ ಬರುವುದಾದರೆ ಬಂಕಾಪುರವನ್ನು ಮುಗಿಸಿಕೊಂಡೇ ಹಾನಗಲ್ಲಿನ ಬಸ್ಸು ಹತ್ತಿ.