ಡಿಸೆಂಬರಿನ ಕಾಣಿಕೆ

ಹೇಸರಗತ್ತೆಗಳ ಕೊರಳ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಮುಂದೊಂದು ಹೇಸರಗತ್ತೆ, ಹಿಂದೊಂದು. ನಡುವೆ ಎರಡು ಉದ್ದನೆಯ ಗಳು, ಅವಕ್ಕೆ ಬಿಗಿದ ಹಗ್ಗದ ಜಾಲರಿ, ಮೇಲೆ ಚಾಪೆಯ ಕಮಾನು. ಇದು ಷೆನ್‌ಜ, ಉತ್ತರ ಚೀನಾದ ಪಲ್ಲಕ್ಕಿ. ಒಳಗೆ ಹಾಸಿಗೆ ಹರಡಿಕೊಂಡು ಕೂತಿದ್ದೀರಿ. ಕೂತಿದ್ದೀರಿ ಅನ್ನುವುದು ಹೆಸರಿಗಷ್ಟೇ. ಮುಂದಿನ ಪ್ರಾಣಿಯ ಹೆಜ್ಜೆಗೂ ಹಿಂದಿನದರ ಹೆಜ್ಜೆಗೂ ತಾಳ ಕೂಡದೆ, ಮೊರದಲ್ಲಿ ಹಾಕಿ ಕೇರಿದ ಕಾಳಿನ ಹಾಗೆ ಮೈಯೆಲ್ಲ ಕುಲುಕಿಹೋಗಿದೆ. 1885ರ ಚಳಿಗಾಲ. ಶಾಂಡಾಂಗ್ ಪ್ರಾಂತ್ಯದ ಕಡಲ ದಂಡೆಯ ಡೆಂಗ್‌ಜೌ ಬಿಟ್ಟು ಒಳನಾಡಿನ ಪಿಂಗ್‌ಡು ಊರಿಗೆ ಹೊರಟಿದ್ದೀರಿ. ನಾಲ್ಕು ದಿನದ ಹಾದಿ. ಗಾಳಿ ಚಾಪೆಯ ಸಂದಿನಿಂದ ನುಗ್ಗಿ ಕಿವಿ ಕಚ್ಚುತ್ತಿದೆ.

ಜೊತೆಗಿರುವ ಹೆಂಗಸನ್ನು ನೋಡಿ. ಎತ್ತರ ನಾಲ್ಕೂವರೆ ಅಡಿಯನ್ನೂ ಮುಟ್ಟದು. ಹತ್ತಿ ತುಂಬಿದ ಚೀನೀ ಅಂಗಿ ತೊಟ್ಟಿದ್ದಾಳೆ. ವಯಸ್ಸು ನಲವತ್ತೈದು. ಹೆಸರು ಶಾರ್ಲೆಟ್ ಡಿಗ್ಸ್ ಮೂನ್. ಎಲ್ಲರೂ ಕರೆಯುವುದು ಲಾಟಿ ಎಂದು. ಅಮೆರಿಕದ ವರ್ಜೀನಿಯಾದಲ್ಲಿ ದೊಡ್ಡ ಜಮೀನು, ಗುಲಾಮರು ಎಲ್ಲ ಇದ್ದ ಮನೆತನದ ಮಗಳು. 1861ರಲ್ಲೇ ಎಂ.ಎ. ಮುಗಿಸಿದವಳು. ಸದರ್ನ್ ಬ್ಯಾಪ್ಟಿಸ್ಟ್ ಪಂಗಡದ ಮಿಷನರಿಯಾಗಿ 1873ರಲ್ಲಿ ಚೀನಾಕ್ಕೆ ಬಂದು ಡೆಂಗ್‌ಜೌನಲ್ಲಿ ಹುಡುಗಿಯರ ಶಾಲೆ ನಡೆಸಿದಳು. ಅದರಲ್ಲಿ ಆಕೆಗೆ ತೃಪ್ತಿ ಇರಲಿಲ್ಲ. ಊರೂರು ತಿರುಗಿ ಸುವಾರ್ತೆ ಸಾರಲು ಬಂದವಳನ್ನು ನಾಲ್ಕು ಗೋಡೆಯ ನಡುವೆ ಕೂರಿಸಿದ್ದಾರೆ ಎಂಬ ಸಿಟ್ಟು. ಆ ಸಿಟ್ಟನ್ನು ಅಡಗಿಸಿಡುವ ಸ್ವಭಾವವೂ ಅಲ್ಲ. ಮಿಷನ್ ಸಭೆಗಳಲ್ಲಿ ಹೆಂಗಸರಿಗೂ ಗಂಡಸರಷ್ಟೇ ಮತ ಇರಬೇಕೆಂದು ಬರೆದಳು; ಇಲ್ಲವೆಂದರೆ ರಾಜೀನಾಮೆ ತೆಗೆದುಕೊಳ್ಳಿ ಎಂದಳು. ಮಿಷನರಿ ಎಂದೊಡನೆ ತಲೆ ತಗ್ಗಿಸಿದ ಸಾಧ್ವಿಯ ಚಿತ್ರ ಕಣ್ಣೆದುರು ಬರುವವರು ಅದನ್ನು ಇಲ್ಲೇ ಇಳಿಸಿಬಿಡುವುದು ಒಳ್ಳೆಯದು.

ರಾತ್ರಿ ಧರ್ಮಛತ್ರದಂಥ ತಂಗುದಾಣ. ಮಲಗುವುದು ಕಾಂಗ್ ಮೇಲೆ, ಅಂದರೆ ಇಟ್ಟಿಗೆಯ ಜಗಲಿ. ಅದರ ಹೊಟ್ಟೆಯೊಳಗೆ ಜೋಳದ ದಂಟು ಉರಿಸಿ ಬಿಸಿ ಮಾಡುತ್ತಾರೆ. ಬೆನ್ನು ಬೇಯುತ್ತದೆ, ಮೂಗು ಹೆಪ್ಪುಗಟ್ಟುತ್ತದೆ.

ಪಿಂಗ್‌ಡುವಿನಲ್ಲಿ ಆಕೆಯ ಬಾಡಿಗೆ ಮನೆ ಮಣ್ಣುನೆಲದ್ದು. ಬಾಗಿಲ ಬಳಿ ಕೂತರೆ ಬೀದಿಯೇ ಒಳಗೆ ಬರುತ್ತದೆ. ಇಂಥ ಮುಖ, ಇಂಥ ಮೂಗು ಕಂಡವರಲ್ಲ ಇಲ್ಲಿನ ಜನ. ಹುಡುಗರು ದೂರದಿಂದಲೇ ‘ಪರದೇಶಿ ಪಿಶಾಚಿ’ ಎಂದು ಕೂಗಿ ಓಡುತ್ತಾರೆ. ಮಿಷನ್ ವಲಯದಲ್ಲಿ ತಲೆಮಾರುಗಳಿಂದ ಹೇಳುತ್ತ ಬಂದಿರುವ ಕಥೆ ನಡೆಯುವುದು ಈ ಹೊಸ್ತಿಲಲ್ಲೇ. ಆಕೆ ಮೈದಾ, ಸಕ್ಕರೆ, ಮೊಟ್ಟೆ ಕಲಸಿ ವರ್ಜೀನಿಯಾದ ಅಡುಗೆಮನೆಯ ಬಿಸ್ಕತ್ತು ಸುಡುತ್ತಾಳೆ. ವಾಸನೆ ಬೀದಿಗೆ ಹೋಗುತ್ತದೆ. ತಾಯಂದಿರು ಮುಟ್ಟಬೇಡಿ, ವಿಷ ಹಾಕಿರುತ್ತಾಳೆ ಅನ್ನುತ್ತಾರೆ. ಒಬ್ಬ ಪೋರ ಮಾತ್ರ ಕೈ ಚಾಚುತ್ತಾನೆ. ಅಂಚು ಕಚ್ಚುತ್ತಾನೆ, ನಿಲ್ಲುತ್ತಾನೆ, ಉಳಿದದ್ದನ್ನು ಒಂದೇ ಸಲಕ್ಕೆ ಬಾಯಿಗೆ ತುರುಕುತ್ತಾನೆ. ಅವನು ಸಾಯಲಿಲ್ಲ. ಮಾರನೆಯ ದಿನ ಬಾಗಿಲಲ್ಲಿ ಹಿಂಡು ಮಕ್ಕಳು. ಮಕ್ಕಳ ಹಿಂದೆ ಅಜ್ಜಿಯರು, ಅಜ್ಜಿಯರ ಹಿಂದೆ ಸೊಸೆಯಂದಿರು. ಕಥೆ ಎಷ್ಟು ಬೆಳೆದಿದೆಯೋ, ಆದರೆ ಪರವೂರಲ್ಲಿ ತಿಂಡಿಯೇ ಮೊದಲ ಪರಿಚಯಪತ್ರ ಎಂಬುದು ಅನುಮಾನ ಪಡುವಂಥದ್ದಲ್ಲ.

ಇಲ್ಲಿ ಡಿಸೆಂಬರ್ 25 ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಊರಿನ ಪಂಚಾಂಗ ಚಂದ್ರನದು. ಚಳಿಗಾಲದ ಅಯನ ಸಂಕ್ರಮಣ ಕ್ರಿಸ್‌ಮಸ್‌ಗೆ ಮೂರ್ನಾಲ್ಕು ದಿನ ಮೊದಲೇ ಮುಗಿದಿರುತ್ತದೆ. ಜನ ಇನ್ನು ಕಾಯುವುದು ಹೊಸ ವರ್ಷಕ್ಕೆ. ಸಂತೆ ಎಂದಿನಂತೆ ಕೂಡುತ್ತದೆ. ಗಂಟೆ ಬಾರಿಸಲು ಚರ್ಚಿಲ್ಲ, ಕೂಡಿ ಹಾಡಲು ಇನ್ನೊಬ್ಬ ಅಮೆರಿಕನ್ ಇಲ್ಲ. ತಿಂಗಳುಗಟ್ಟಲೆ ಇಂಗ್ಲಿಷ್ ಮಾತು ಕಿವಿಗೆ ಬೀಳದು. ತವರಿನ ಕಾಗದ ಚೀಫೂ ಬಂದರಿಗೆ ಹಡಗಿನಲ್ಲಿ ಬಂದು ಅಲ್ಲಿಂದ ಇಷ್ಟು ದೂರ ತಲುಪಬೇಕು. ಹಬ್ಬದ ಹಾರೈಕೆ ಹಬ್ಬ ಕಳೆದ ಮೇಲೆ ಬರುವುದೇ ರೂಢಿ.

ಕೆಲಸವೋ ಮೈಮೇಲೆ ಬಿದ್ದಿದೆ. ಷಾಲಿಂಗ್ ಎಂಬ ಹಳ್ಳಿಯ ಗಂಡಸರೇ ಈ ಹೊಸ ಬೋಧನೆ ಏನು ಹೇಳಿ ಎಂದು ಹುಡುಕಿಕೊಂಡು ಬರುತ್ತಾರೆ. ಹೆಂಗಸು ಗಂಡಸರಿಗೆ ಉಪದೇಶ ಮಾಡಬಾರದೆಂಬುದು ತವರಿನ ಸಭೆಯ ಕಟ್ಟಳೆ. ಕೇಳಲು ಬಂದವರನ್ನು ಲಾಟಿ ಹೊರಗೆ ಕಳಿಸಲಿಲ್ಲ. ಆದರೆ ದೀಕ್ಷಾಸ್ನಾನ ಮಾಡಿಸಲು ಅಭಿಷಿಕ್ತ ಗಂಡಸೇ ಬೇಕು. ಅಂಥವರು ಬಂದು ಷಾಲಿಂಗ್‌ನಲ್ಲಿ ಸಭೆ ಕಟ್ಟಿಕೊಂಡಾಗ 1889 ಆಗಿತ್ತು.

ಅಷ್ಟರೊಳಗೆ ಆಕೆ ಮೇಜಿನ ಮುಂದೆ ಕೂತು ಒಂದು ಕಾಗದ ಬರೆದಾಗಿತ್ತು. 1887ರ ಸೆಪ್ಟೆಂಬರ್; ಊರು ಡೆಂಗ್‌ಜೌ. ಅಳುವ ಕಾಗದವಲ್ಲ, ಲೆಕ್ಕದ ಕಾಗದ. ದಕ್ಷಿಣದ ಮೆಥಡಿಸ್ಟ್ ಹೆಂಗಸರು ಕ್ರಿಸ್‌ಮಸ್‌ಗೆ ಮುಂಚಿನ ವಾರವನ್ನು ಪ್ರಾರ್ಥನೆಗೂ ಕಾಣಿಕೆಗೂ ಮೀಸಲಿಟ್ಟಿದ್ದಾರಲ್ಲ, ಬ್ಯಾಪ್ಟಿಸ್ಟ್ ಹೆಂಗಸರು ಯಾಕೆ ಇಡಬಾರದು? ಒಬ್ಬರಿಗೊಬ್ಬರು ಉಡುಗೊರೆ ಕೊಡುವ ಹಬ್ಬದಲ್ಲಿ ಒಂದು ಪಾಲು ದೂರದ ಕೆಲಸಕ್ಕೂ ಬರಲಿ. ತನಗಲ್ಲ, ತನ್ನ ಹೊರೆ ಹಂಚಿಕೊಳ್ಳಲು ಇನ್ನಷ್ಟು ಹೆಂಗಸರನ್ನು ಕಳಿಸಲಿಕ್ಕೆ.

ಡಿಸೆಂಬರಿನಲ್ಲಿ ಮಿಷನ್ ಪತ್ರಿಕೆ ಅದನ್ನು ಅಚ್ಚು ಹಾಕಿತು. ಮರುವರ್ಷ ಮೇ ತಿಂಗಳಲ್ಲಿ ರಿಚ್ಮಂಡ್‌ನಲ್ಲಿ ಬ್ಯಾಪ್ಟಿಸ್ಟ್ ಹೆಂಗಸರು ತಮ್ಮದೇ ಮಿಷನರಿ ಸಂಘ ಕಟ್ಟಿದರು. ಸಂಘದ ಕಾರ್ಯದರ್ಶಿ, ಬಾಲ್ಟಿಮೋರಿನ ಆನಿ ಆರ್ಮ್‌ಸ್ಟ್ರಾಂಗ್, ಊರೂರಿನ ಹೆಂಗಸರ ಕೂಟಗಳಿಗೆ ಕೈಯಾರೆ ಕಾಗದ ಬರೆದಳು. ಗುರಿ 2,000 ಡಾಲರ್, ಇಬ್ಬರನ್ನು ಕಳಿಸುವಷ್ಟು. 1888ರ ಕ್ರಿಸ್‌ಮಸ್‌ಗೆ ಕೂಡಿದ್ದು 3,315 ಡಾಲರ್. ಮೂವರು ಹೆಂಗಸರು ಚೀನಾಕ್ಕೆ ಹಡಗು ಹತ್ತಿದರು. ಅವರು ಭಾಷೆ ಕಲಿತು ಕೆಲಸ ಹಿಡಿಯುವವರೆಗೂ ಲಾಟಿ ರಜೆ ಕೇಳಲಿಲ್ಲ. ನಡುವೆ ಒಮ್ಮೆ ತವರಿಗೆ ಹೋಗಿ 1877ರಲ್ಲಿ ಮರಳಿದವಳು ಮತ್ತೆ ವರ್ಜೀನಿಯಾ ಕಂಡದ್ದು 1891ರಲ್ಲಿ.

ಈಗ ಇಪ್ಪತ್ತೊಂದು ವರ್ಷ ಮುಂದೆ ಬನ್ನಿ. ಜಪಾನಿನ ಕೋಬೆ ಬಂದರು, 1912ರ ಡಿಸೆಂಬರ್ 24. ಮಂಚೂರಿಯಾ ಎಂಬ ಉಗಿಹಡಗು ಲಂಗರು ಹಾಕಿದೆ; ಮುಂದೆ ಅಮೆರಿಕಕ್ಕೆ ಹೋಗಬೇಕು. ಕೆಳಗಿನ ಒಂದು ಕೋಣೆಯಲ್ಲಿ ಅದೇ ಹೆಂಗಸು ಮಲಗಿದ್ದಾಳೆ. ಎಪ್ಪತ್ತೆರಡು ತುಂಬಿ ಹನ್ನೆರಡು ದಿನ. ಹೊದಿಕೆಯಡಿ ಮೈ ಇದೆಯೋ ಇಲ್ಲವೋ ಅನ್ನುವಷ್ಟು ಬಡಕಲು. ತೂಕ ಐವತ್ತು ಪೌಂಡಿಗೆ, ಅಂದರೆ ಇಪ್ಪತ್ಮೂರು ಕಿಲೋಗೆ ಇಳಿದಿತ್ತೆಂದು ಆಮೇಲೆ ಹೇಳಿದರು. ಚೀನಾದಲ್ಲಿ ಬರ, ಕ್ರಾಂತಿ. ಮಿಷನ್ ಮಂಡಳಿ ಸಾಲದಲ್ಲಿ ಮುಳುಗಿ ಬರಪರಿಹಾರಕ್ಕೆ ಕಾಸಿಲ್ಲ ಎಂದಿತ್ತು. ಜೊತೆಯವರು ಗಾಬರಿಯಾಗಿ ಒಬ್ಬ ನರ್ಸನ್ನು ಜೊತೆ ಮಾಡಿ ಕಳಿಸಿದ್ದಾರೆ. ಕೊನೆಗಳಿಗೆಯಲ್ಲಿ ಆಕೆ ಎರಡೂ ಮುಷ್ಟಿ ಜೋಡಿಸಿ ಎತ್ತಿ, ಚೀನೀಯರು ಎದುರಾದವರಿಗೆ ವಂದಿಸುವಂತೆ ವಂದಿಸಿದಳು ಎಂದು ಹೇಳುತ್ತಾರೆ. ಮೇಲೆ ಬಂದರಿನಲ್ಲಿ ಸರಕು ಏರುತ್ತ ಇಳಿಯುತ್ತಲೇ ಇತ್ತು. ಜಪಾನಿನಲ್ಲೇ ದಹನವಾಯಿತು. ಬೂದಿ ವರ್ಜೀನಿಯಾದ ಕ್ರೂ ಎಂಬ ಊರಿಗೆ ಹೋಗಿ ಅಣ್ಣನ ಸಮಾಧಿಯ ಪಕ್ಕದಲ್ಲಿ ಮಣ್ಣು ಸೇರಿತು.

ಹಸಿದ ಚೀನೀಯರಿಗೆ ತನ್ನ ಅನ್ನ ಕೊಟ್ಟು ತಾನು ಉಪವಾಸ ಸತ್ತಳು ಎಂಬ ಕಥೆ ಆಮೇಲೆ ಕಾಣಿಕೆಯ ಪ್ರಚಾರದ ಜೊತೆ ಬೆಳೆಯಿತು. ಚರಿತ್ರೆಗಾರ್ತಿ ರೆಜಿನಾ ಸಲ್ಲಿವನ್ ದಾಖಲೆಗಳನ್ನು ಜಾಲಾಡಿ, ಇದು ನಂತರ ಕಟ್ಟಿದ ದಂತಕಥೆ ಎನ್ನುತ್ತಾರೆ. ನನಗೂ ಉಪವಾಸದ ಸಂತಳಿಗಿಂತ ಕಾಗದ ಬರೆದು ಜಗಳವಾಡಿದ ಲಾಟಿಯೇ ಹೆಚ್ಚು ನಿಜವೆನಿಸುತ್ತಾಳೆ. ಸತ್ತವರು ದುಡ್ಡು ಕೂಡಿಸಿಕೊಡುತ್ತಾರೆ. ಬದುಕಿರುವವರು ಮತ ಕೇಳುತ್ತಾರೆ. ಸಂಸ್ಥೆಗಳಿಗೆ ಯಾವುದು ಅನುಕೂಲ ಎಂದು ಬೇರೆ ಹೇಳಬೇಕಿಲ್ಲ.

1918ರಲ್ಲಿ, ಆನಿ ಆರ್ಮ್‌ಸ್ಟ್ರಾಂಗ್ ಸೂಚಿಸಿದಂತೆ, ಕ್ರಿಸ್‌ಮಸ್ ಕಾಣಿಕೆಗೆ ಲಾಟಿ ಮೂನ್ ಹೆಸರಿಟ್ಟರು. ಈಗ ಪ್ರತಿ ಡಿಸೆಂಬರಿಗೆ ಆ ಹೆಸರಿನಲ್ಲಿ ಕೂಡುವ ಹಣ 15 ಕೋಟಿ ಡಾಲರ್ ಮೀರುತ್ತದೆ. ಅದೇ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆ 2000ನೇ ಇಸವಿಯಲ್ಲಿ ತನ್ನ ನಂಬಿಕೆಯ ಘೋಷಣೆಯನ್ನು ತಿದ್ದಿ, ಸಭಾಪಾಲಕರ ಹುದ್ದೆ ಗಂಡಸರಿಗೆ ಮಾತ್ರ ಎಂದು ಬರೆದುಕೊಂಡಿತು.