ರಕ್ತದ ಸಾಕ್ಷಿ

ಕಳ್ಳನನ್ನು ಕಣ್ಣಾರೆ ಕಂಡವರು ದೊರೆಯದಿದ್ದಾಗ ನ್ಯಾಯಾಧಿಪತಿಯು ಹೆಜ್ಜೆಯ ಗುರುತನ್ನು ನಂಬಬೇಕಾಗುತ್ತದೆ. ಟೈಫಸ್ ಜ್ವರದಲ್ಲಿ ವೈದ್ಯನ ಪಾಡೂ ಇದೇ. ಆ ಜ್ವರಕ್ಕೆ ಕಾರಣವಾದ ರಿಕೆಟ್ಸಿಯಾ ಎಂಬ ಸೂಕ್ಷ್ಮಜೀವಿಯು ದೇಹದ ಜೀವಕೋಶಗಳೊಳಗೆ ಅಡಗಿ ಬಾಳತಕ್ಕುದು. ಇತರ ಸೂಕ್ಷ್ಮಜೀವಿಗಳಂತೆ ಬರಿಯ ಸಾರಿನಲ್ಲಿ ಬೆಳೆಯದು. ಅದನ್ನು ಬೆನ್ನಟ್ಟಿ ಹೋದ ರಿಕೆಟ್ಸ್ 1910ರಲ್ಲಿ ಮೆಕ್ಸಿಕೋ ನಗರದಲ್ಲಿಯೂ, ಪ್ರೊವಾಜೆಕ್ 1915ರಲ್ಲಿ ಜರ್ಮನಿಯಲ್ಲಿಯೂ ಅದೇ ಜ್ವರಕ್ಕೆ ಬಲಿಯಾದರು. 1916ರಲ್ಲಿ ಆ ಜೀವಿಗೆ ಈ ಇಬ್ಬರ ಹೆಸರನ್ನೂ ಕೂಡಿಸಿ ‘ರಿಕೆಟ್ಸಿಯಾ ಪ್ರೊವಾಜೆಕಿ’ ಎಂದು ನಾಮಕರಣವಾಯಿತು.

ಅದೇ ವರ್ಷ, ಮಹಾಯುದ್ಧದ ನಡುವೆ, ಎಡ್ಮಂಡ್ ವೈಲ್ ಮತ್ತು ಆರ್ಥರ್ ಫೆಲಿಕ್ಸ್ ಎಂಬ ವಿದ್ವಾಂಸರು ಒಂದು ವಿಚಿತ್ರವನ್ನು ಪ್ರಕಟಿಸಿದರು. ರೋಗಿಯೊಬ್ಬನ ಮೂತ್ರದಲ್ಲಿ ಅವರಿಗೆ ಪ್ರೋಟಿಯಸ್ ಎಂಬ ಬೇರೆಯೇ ಸೂಕ್ಷ್ಮಜೀವಿ ದೊರೆತಿತ್ತು. ಟೈಫಸ್ ಪೀಡಿತರ ರಕ್ತದ ತಿಳಿಯನ್ನು ಅದರೊಡನೆ ಬೆರೆಸಲು, ಆ ಜೀವಿಗಳು ಒಂದಕ್ಕೊಂದು ಅಂಟಿ ಗಂಟುಗಟ್ಟಿದುವು. ಪ್ರೋಟಿಯಸ್ ಟೈಫಸ್ಸಿಗೆ ಕಾರಣವಲ್ಲ. ಆದರೂ ಎರಡರ ಮೈಮೇಲಣ ಅಂಶವೊಂದರಲ್ಲಿ ಹೋಲಿಕೆಯಿರುವುದರಿಂದ, ಒಂದನ್ನೆದುರಿಸಲು ರಕ್ತವು ಸಿದ್ಧಪಡಿಸಿದ ಪ್ರತಿಕಾಯಗಳು ಮತ್ತೊಂದನ್ನೂ ಹಿಡಿಯುತ್ತವೆ. ಪರೋಕ್ಷವಾದ ಈ ಸಾಕ್ಷಿಯೇ ಬಹುಕಾಲ ಲೋಕದ ವೈದ್ಯರಿಗೆ ಆಧಾರವಾಯಿತು. ವೈಲ್ ಮಹಾಶಯನು 1922ರಲ್ಲಿ ಸಂಶೋಧನೆಯಲ್ಲಿಯೇ ಟೈಫಸ್ ಸೋಂಕು ತಗಲಿ ತೀರಿಕೊಂಡನು.

ಪರೋಕ್ಷಸಾಕ್ಷಿಯನ್ನು ಕಲಿಸಿಕೊಟ್ಟು ಹೇಳಿಸಬಹುದಷ್ಟೆ! ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡು ಜರ್ಮನರ ವಶದಲ್ಲಿದ್ದಾಗ, ರೊಜ್ವಾದೂವ್ ಎಂಬ ಊರಿನ ಕಡೆಯ ವೈದ್ಯರಾದ ಲಜೋವ್‌ಸ್ಕಿ ಮತ್ತು ಮಾತುಲೇವಿಚ್ ಇದನ್ನೇ ಮಾಡಿದರು. ಸತ್ತ ಪ್ರೋಟಿಯಸ್ ಜೀವಿಗಳನ್ನು ಸೂಜಿಯ ಮೂಲಕ ಜನರ ಮೈಗೆ ಸೇರಿಸಿ, ಅವರ ರಕ್ತವನ್ನು ಜರ್ಮನರ ಪರೀಕ್ಷಾಲಯಗಳಿಗೇ ಕಳುಹಿಸಿದರು. ಟೈಫಸ್ ಇದೆಯೆಂದೇ ಉತ್ತರ ಬಂದಿತು. ಕೂರೆಗಳಿಂದ ಹರಡುವ ಆ ಜ್ವರವೆಂದರೆ ಸೈನ್ಯಕ್ಕೆ ಎದೆನಡುಕ. ಆದಕಾರಣ ಅಧಿಕಾರಿಗಳು ಆ ಸೀಮೆಯನ್ನು ಸೋಂಕಿನ ಪ್ರದೇಶವೆಂದು ಸಾರಿ ದೂರ ನಿಂತರು. ಅಲ್ಲಿಯವರನ್ನು ಬಿಟ್ಟಿದುಡಿಮೆಗಾಗಿ ಜರ್ಮನಿಗೆ ಒಯ್ಯುವುದೂ ತಪ್ಪಿತು. ಗುಟ್ಟು ಬಯಲಾಗಿದ್ದರೆ ವೈದ್ಯರಿಗೆ ಮರಣವೇ ಗತಿಯಾಗುತ್ತಿತ್ತು. 1977ರಲ್ಲಿ ಅವರೇ ಈ ವೃತ್ತಾಂತವನ್ನು ಬರೆದು ಪ್ರಕಟಿಸಿದರು.

ಅಂದು ಜನರನ್ನು ಕಾಪಾಡಿದ ಈ ದೋಷವೇ ರೋಗಿಯ ಹಾಸಿಗೆಯ ಬಳಿ ಅಪಾಯಕರವಾದೀತು. ಕರ್ನಾಟಕದಲ್ಲಿಯೂ ಕಾಣುವ ಸ್ಕ್ರಬ್ ಟೈಫಸ್ಸಿಗೆ ಈ ಅಗ್ಗದ ಪರೀಕ್ಷೆ ಭಾರತದ ಅನೇಕ ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಇಲ್ಲವೆಂದಾಗಲೂ ರೋಗವಿರಬಹುದು. ಪ್ರತಿಕಾಯಗಳು ಅಂಟಿದೆಡೆ ಹೊಳಪು ಕಾಣುವಂತೆ ಮಾಡುವ ಪರೀಕ್ಷೆ ಇದಕ್ಕಿಂತ ವಿಶ್ವಾಸಾರ್ಹ. ಅಲ್ಲಿಯೂ ಕೆಲವು ವಾರಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಪ್ರತಿಕಾಯಗಳ ಪ್ರಮಾಣ ನಾಲ್ಮಡಿಯಾಗಿದೆಯೆ ಎಂದು ನೋಡಬೇಕು. ಮೊದಲ ವಾರದಲ್ಲಂತೂ ರಕ್ತವು ಬಹುಮಟ್ಟಿಗೆ ಮೌನವಾಗಿಯೇ ಇರುತ್ತದೆ. ಜ್ವರವು ಅಷ್ಟು ದಿನ ಕಾಯುವುದಿಲ್ಲ. ಆದುದರಿಂದ ವಿವೇಕಿಯಾದ ವೈದ್ಯನು ರೋಗಿಯ ಲಕ್ಷಣಗಳನ್ನು ನೋಡಿ, ಸಂಶಯ ಬಲವಾದೊಡನೆ ಡಾಕ್ಸಿಸೈಕ್ಲಿನ್ ಔಷಧವನ್ನು ಕೊಡುತ್ತಾನೆ. ರಕ್ತದ ಸಾಕ್ಷಿ ನಿಧಾನವಾಗಿ ಬಂದು ಸೇರಲಿ.