ಧೋಬಿ ತಲಾವ್‌ನಿಂದ ದರ್ಬಾರಿಯವರೆಗೆ

ಮರೀನ್ ಲೈನ್ಸ್‌ನಲ್ಲಿ ಇಳಿದು ಮೆಟ್ರೋ ಸಿನೆಮಾದ ಕಡೆಗೆ ನಡೆದರೆ ಧೋಬಿ ತಲಾವ್ ಸಿಗುತ್ತದೆ. ಹೆಸರಿನಲ್ಲಿ ಕೆರೆಯಿದೆ, ನೆಲದ ಮೇಲಿಲ್ಲ. ಜೇರ್ ಮಹಲ್ ಎಂಬ ಹಳೆಯ ಕಟ್ಟಡದಲ್ಲಿ 1904ರಿಂದ ನಡೆದುಬಂದ ಕಯಾನಿ ಇರಾನಿ ಹೋಟೆಲು. ಅಲ್ಲೇ 1865ರಲ್ಲಿ ಹುಟ್ಟಿದ ಫರ್ಟಾಡೋಸ್‌ನ ವಾದ್ಯದಂಗಡಿ. ಹಿಂದಿ ಸಿನೆಮಾಗಳಿಗೆ ಪಿಟೀಲು, ಟ್ರಂಪೆಟ್ ನುಡಿಸಿದ ಎಷ್ಟೋ ಗೋವಾ ಕಲಾವಿದರು ಓಡಾಡಿದ ಬೀದಿಗಳಿವು.

ಅಕ್ಕನ ಮಗನ ಜೊತೆ ನಾನು ಈ ಓಣಿಗಳಿಗೆ ಬಂದದ್ದು ಸಿಂಥಸೈಸರಿನ ಹುಡುಕಾಟದಲ್ಲಿ. ಡೊಂಬಿವಲಿಯ ಮನೆಯ ಒಂದು ಮೂಲೆಯೇ ಅವನ ಸ್ಟುಡಿಯೊ. ಬೇಕಿದ್ದುದು ಅನಲಾಗ್, ಅದೂ ಮೊನೊಫೋನಿಕ್. ಅಂದರೆ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವಂಥದ್ದು. "ಅಷ್ಟು ದುಡ್ಡು ಕೊಟ್ಟು ಒಂದೇ ಸ್ವರವೇ?" ಎಂದು ಭಾವ ಗೊಣಗಿದರು. ಗೆಳೆಯರೆ, ಶಹನಾಯಿಯೂ ಅಷ್ಟೇ ಅಲ್ಲವೆ?

ಇದು ಪರದೇಶದ ಗದ್ದಲ ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಸರ್ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಹೂಡಿಕೊಟ್ಟರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು. ಇನ್ನು ಮುಂಬಯಿಯ ಚರಣ್‌ಜೀತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಧ್ವನಿಮುದ್ರಿಕೆ ತಂದರು. ಅವರ ವಾದ್ಯಗಳಲ್ಲಿ ಒಂದಾದ ರೋಲ್ಯಾಂಡ್ ಟಿಬಿ-303 ಒಂದೇ ಸ್ವರದ ಪುಟ್ಟ ಪೆಟ್ಟಿಗೆ. ಸ್ವರದಿಂದ ಸ್ವರಕ್ಕೆ ಜಾರುವುದು ಅದರ ಗುಣ. ಆಗ ಯಾರೂ ಅಷ್ಟಾಗಿ ಕೊಳ್ಳದ ಆ ಮುದ್ರಿಕೆ 2010ರಲ್ಲಿ ಮತ್ತೆ ಬಿಡುಗಡೆಯಾಗಿ ಜಗತ್ತನ್ನು ಸುತ್ತಿತು.

ಅಂಗಡಿಯಲ್ಲಿ ಐದು ನಿಮಿಷ ಒತ್ತಿ ನೋಡಿದರೆ ಇಂಥ ವಾದ್ಯದ ಗುಣ ತಿಳಿಯದು. ಆದ್ದರಿಂದ ಎರಡು ಭಾನುವಾರ ಗೋರೆಗಾಂವ್, ಠಾಣೆಗಳಲ್ಲಿ ಅವನ ಗೆಳೆಯರ ಮನೆ ಸುತ್ತಿದೆವು.

ಗೋರೆಗಾಂವ್‌ನಲ್ಲಿ ಕೇಳಿದ್ದು ಬೆಹರಿಂಗರ್ ಮಾಡೆಲ್ ಡಿ. 1970ರ ಮಿನಿಮೂಗ್‌ನ ನಕಲು. ಮೂರು ಆಸಿಲೇಟರುಗಳು ಒಟ್ಟಿಗೆ ನುಡಿದಾಗ ಕಿಟಕಿಯ ಗಾಜು ಅದುರಿತು. ನಾದವೆಂದರೆ ಅದು! ಆದರೆ ಅದಕ್ಕೆ ಕೀಲಿಮಣೆಯಿಲ್ಲ, ಬೇರೆ ಜೋಡಿಸಬೇಕು. ಬಿಸಿಯಾಗುವವರೆಗೆ ಶ್ರುತಿಯೂ ಕದಲುತ್ತದೆ. ತಂಬೂರಿ ಶ್ರುತಿ ಮಾಡಿದವರಿಗೆ ಇದೇನೂ ದೊಡ್ಡ ತೊಂದರೆಯಲ್ಲ ಅನ್ನಿ.

ಅದೇ ಮನೆಯಲ್ಲಿದ್ದ ಕಾರ್ಗ್ ಎಂಎಸ್-20 ಮಿನಿ, 1978ರ ವಾದ್ಯವೊಂದನ್ನು ಕಂಪನಿಯೇ 2013ರಲ್ಲಿ ಚಿಕ್ಕದಾಗಿಸಿ ತಂದದ್ದು. ವೈರು ಚುಚ್ಚಿ ಚುಚ್ಚಿ ಆಡುವವರಿಗೆ ಹಬ್ಬ. ಚೀರುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ನಮಗೆ ಚೀರಾಟ ಬೇಕಿರಲಿಲ್ಲ.

ನಮ್ಮ ಅವಸರ ಬೇರೆಯೇ ಇತ್ತು. ಧಾರವಾಡದಲ್ಲಿ ಕಲಿತ ಅಕ್ಕನಿಗೆ ಈಗ ತಾರಷಡ್ಜ ಮುಟ್ಟುವುದು ಕಷ್ಟವಾಗುತ್ತಿದೆ. ಕಂಠ ಇರುವಾಗಲೇ ಅವಳ ದರ್ಬಾರಿಯ ಆಲಾಪವನ್ನು ಮುದ್ರಿಸಿ, ಕೆಳಗೆ ಸಿಂಥಸೈಸರ್ ನುಡಿಸಬೇಕೆಂಬುದು ಹುಡುಗನ ಆಸೆ. ದರ್ಬಾರಿಯ ಗಾಂಧಾರ ಕೀಲಿಮಣೆಯ ಗಾಂಧಾರಕ್ಕಿಂತ ಕೆಳಗೆ ತೂಗಾಡುತ್ತದೆ. ಗದಗಿನ ನಾಡಿನಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಭೀಮಸೇನ ಜೋಶಿಯವರ ದರ್ಬಾರಿ ಕೇಳಿ, ಆಮೇಲೆ ಯಾವುದಾದರೂ ಕೀಬೋರ್ಡಿನಲ್ಲಿ ಅದೇ ಸ್ವರ ಒತ್ತಿ ನೋಡಿ. ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ.

ಠಾಣೆಯಲ್ಲಿ ಕಂಡ ಕಾರ್ಗ್ ಮೊನೊಲಾಗ್‌ಗೆ ಆಸಿಲೇಟರು ಎರಡೇ, ಕೀಲಿ 25. ನಾದ ಮಾಡೆಲ್ ಡಿಯಷ್ಟು ದಪ್ಪವಿಲ್ಲ. ಆದರೆ ಪ್ರತಿ ಸ್ವರವನ್ನೂ ಬೇಕಾದಷ್ಟು ಏರಿಸಿ ಇಳಿಸಿ ಇಟ್ಟುಕೊಳ್ಳಬಹುದು. ಕೀಲಿಮಣೆಯ ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ, ಒಂದೊಂದೇ ಪಾಲಿನಷ್ಟು. ಮಾಡೆಲ್ ಡಿಯಲ್ಲಿ ಮೀಂಡ್ ಚೆನ್ನಾಗಿಯೇ ಬರುತ್ತದೆ, ಗಾಂಧಾರ ಮಾತ್ರ ಪ್ರತಿ ಸಲ ಕೈಯಿಂದ ಬಗ್ಗಿಸಬೇಕು. ಹುಡುಗ ದಪ್ಪ ನಾದದ ಆಸೆ ಬಿಡಲಾರದೆ ಒಂದು ವಾರ ಒದ್ದಾಡಿದ. ಕೊನೆಗೆ ಕೊಂಡದ್ದು ಮೊನೊಲಾಗ್.

ಮೊದಲ ರಾತ್ರಿ ಅಕ್ಕ ಇಯರ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಅವನು ಗುಂಡಿ ತಿರುಗಿಸುತ್ತ ಹೋದ. "ಇನ್ನೂ ಇಳಸು... ಇನ್ನೊಂಚೂರು... ಹಾಂ, ಅಲ್ಲೇ ಬಿಡು" ಎಂದಳು.